ನಾಲ್ಕನೆಯ ಕಾಲು

ಬೆಳಗ್ಗೆ ಎಂಟಕ್ಕೆ, ಇನ್ನೂ ಯಾರೂ ಬರುವ ಮೊದಲೇ, ಮೇಸ್ತ್ರಿ ಗೋಡೆಯ ಹಾಳೆಯ ಮುಂದೆ ನಿಂತು ತನ್ನ ಸಾಲಿನ ಸೊನ್ನೆಗಳನ್ನೆಲ್ಲ ಪೆನ್ಸಿಲಿನಿಂದ ಪೂರ್ತಿ ಕಪ್ಪು ಮಾಡಿ ಮುಗಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆರು ಸೊನ್ನೆ, ಆರೂ ತುಂಬಿದವು. ಮಿಕ್ಕವರ ಸೊನ್ನೆಗಳು ಅರ್ಧವೋ ಮುಕ್ಕಾಲೋ ತುಂಬಿದ್ದವು. ಅವನ್ನು ತುಂಬಿದವನೂ ಅವನೇ, ನಿನ್ನೆ ಸಂಜೆ ಕೂತು, ಒಬ್ಬೊಬ್ಬರ ಕೈಯನ್ನೂ ಕಣ್ಣ ಮುಂದೆ ತಂದುಕೊಂಡು, ಯಾರಿಗೂ ಅನ್ಯಾಯವಾಗದ ಹಾಗೆ. ಕಂಪನಿಯವರು ಅದಕ್ಕೆ ಸಾಮರ್ಥ್ಯ ಪಟ್ಟಿ ಎಂದು ದೊಡ್ಡ ಹೆಸರಿಟ್ಟಿದ್ದರು. ಪಂಪಿನ ಮೋಟಾರು ಸುತ್ತುವ ವಿಭಾಗದ ಹದಿನಾಲ್ಕು ಜನ ಸೊನ್ನೆ ಹಾಳೆ ಎನ್ನುತ್ತಿದ್ದರು. ಒಂದು ಸೊನ್ನೆಗೆ ನಾಲ್ಕು ಕಾಲು. ಕೆಲಸ ಏನೆಂದು ಗೊತ್ತಿದ್ದರೆ ಒಂದು ಕಾಲು, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾರೆ ಎಂದರೆ ಎರಡು, ಒಬ್ಬರೇ ಮಾಡುತ್ತಾರೆ ಎಂದರೆ ಮೂರು, ಇನ್ನೊಬ್ಬರಿಗೆ ಕಲಿಸುತ್ತಾರೆ ಎಂದರೆ ನಾಲ್ಕು. ಮೊದಲ ಐದು ಕೆಲಸಗಳಿಗೆ ಯಂತ್ರ ಬಂದಿದ್ದರಿಂದ ಅವುಗಳ ಚಿಂತೆ ಯಾರಿಗೂ ಇರಲಿಲ್ಲ. ಆರನೆಯದು ದಾರ ಕಟ್ಟುವುದು. ತಾಮ್ರದ ಸುರುಳಿಗಳು ಕಬ್ಬಿಣದ ಬಳೆಯೊಳಗೆ ಕೂತ ಮೇಲೆ ಹೊರಗೆ ಚಾಚಿಕೊಂಡ ತುದಿಗಳನ್ನು ದಾರದಿಂದ ಬಿಗಿಯಬೇಕು. ಒಂದು ಎಳೆ ಸಡಿಲವಾದರೂ ಮೋಟಾರು ಓಡುವಾಗ ತಂತಿಗೆ ತಂತಿ ಉಜ್ಜಿ ಸುಟ್ಟುಹೋಗುತ್ತದೆ. ಅದಕ್ಕೆ ಯಂತ್ರ ಬಂದಿಲ್ಲ, ಬರುವುದೂ ಇಲ್ಲ ಎಂದು ಮೇಸ್ತ್ರಿ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಅವನ ಮಾತು ಇಲ್ಲಿಯವರೆಗೆ ಸುಳ್ಳಾಗಿರಲಿಲ್ಲ.

ಅಂಗಳದ ಆಚೆಯ ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ ತರಬೇತಿ ಕೋಣೆ ಮಾಡಿದ್ದರು. ಹತ್ತು ಸ್ಟೂಲು, ಒಂದು ಉದ್ದ ಮೇಜು, ಕಿಟಕಿಯ ಪಕ್ಕ ಕಲಿಸುವವರಿಗೆಂದು ಕೈಯಿರುವ ಒಂದು ಕುರ್ಚಿ. ದಾರ ಕಟ್ಟುವ ಸೊನ್ನೆ ಯಾರದ್ದು ಪೂರ್ತಿಯೋ ಆ ಕುರ್ಚಿ ಅವರದ್ದು, ಇವತ್ತು ಸಂಜೆಯೇ ತೀರ್ಮಾನ. ಮೇಸ್ತ್ರಿಗೆ ಅದರಲ್ಲಿ ತೀರ್ಮಾನವಾಗಬೇಕಾದದ್ದು ಏನೂ ಕಾಣಿಸಿರಲಿಲ್ಲ. ಅವನ ಬಲಗೈ ಹೆಬ್ಬೆರಳಿನ ಗೆಣ್ಣು ಎರಡು ವರ್ಷದಿಂದ ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಇನ್ನೊಂದು ವರ್ಷ ಬೆಂಚಿನಲ್ಲಿ ಕೂತರೆ ದಾರ ಜಾರಲು ಶುರುವಾಗುತ್ತದೆ, ಆಮೇಲೆ ಸ್ಟೋರಿನಲ್ಲಿ ಬೋಲ್ಟು ಎಣಿಸಿಕೊಂಡು ಕೂರಿಸುತ್ತಾರೆ. ಬೋಲ್ಟು ಎಣಿಸುವ ಮನುಷ್ಯ ಅವನಲ್ಲ. ಭಾವಮೈದನಿಗೆ ಹೋದ ಭಾನುವಾರವೇ ಫೋನಿನಲ್ಲಿ ಹೇಳಿಯೂ ಆಗಿತ್ತು, ಇನ್ನು ಮೇಲೆ ನಾನು ಕಲಿಸೋ ಮೇಷ್ಟ್ರು ಕಣಯ್ಯಾ ಎಂದು. ಬೆಳಗ್ಗೆ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಹೆಂಡತಿ ನೋಡಿ, "ಸೊನ್ನೆ ತುಂಬೋಕೆ ಹೊಸ ಅಂಗಿನಾ? ನೂರಕ್ಕೆ ನೂರು ಬಂದಿದ್ರೆ ಇನ್ನೇನ್ ಹಾಕ್ಕೋತಿದ್ರೋ" ಎಂದಿದ್ದಳು. ಅವಳಿಗೆ ಏನು ಗೊತ್ತು ಎಂದುಕೊಂಡು ಅವನು ಕಾಲರನ್ನು ಇನ್ನೊಂದು ಸಲ ಸರಿಮಾಡಿಕೊಂಡಿದ್ದ.

ಚಾರ್ಟ್ ಮೇಡಂ ಒಂಬತ್ತಕ್ಕೆ ಬಂದಳು. ಪಟ್ಟಿಯ ಕೆಲಸಕ್ಕೆಂದೇ ಕಂಪನಿ ನೇಮಿಸಿಕೊಂಡಿದ್ದ ಮೂವತ್ತರ ಹೆಂಗಸು, ಕುತ್ತಿಗೆಯಲ್ಲಿ ನೇತಾಡುವ ಸ್ಟಾಪ್‌ವಾಚ್ ಗಡಿಯಾರ, ಕೈಯಲ್ಲಿ ರಬ್ಬರು. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿ ಅವನ ಸಾಲಿನ ಕೊನೆಯ ಸೊನ್ನೆಯ ಮೇಲೆ ಬೆರಳಿಟ್ಟಳು.

"ನಾಲ್ಕನೇ ಕಾಲು ನೀವು ತುಂಬೋ ಹಾಗಿಲ್ಲ ಮೇಸ್ತ್ರಿ. ನಿಮ್ಮಿಂದ ಕಲಿತವರು ಬಂದು ಅದರ ಕೆಳಗೆ ಸಹಿ ಹಾಕ್ಬೇಕು. ಹೋದ ವಾರ ಮೀಟಿಂಗ್‌ನಲ್ಲಿ ಹೇಳಿದ್ನಲ್ಲ."

ಹೇಳಿದ್ದಳು, ಖಂಡಿತ ಹೇಳಿರಬೇಕು. ಆ ಮೀಟಿಂಗಿನಲ್ಲಿ ಅವನು ಮನಸ್ಸಿನಲ್ಲೇ ಒಂದು ಹೊಸ ಸುರುಳಿ ಸುತ್ತುತ್ತ ಎಣಿಸುತ್ತಿದ್ದ. ಸುತ್ತುವವರಿಗೆಲ್ಲ ಇರುವ ರೋಗ ಅದು, ಕೈ ಖಾಲಿಯಿದ್ದರೂ ಎಣಿಕೆ ನಿಲ್ಲುವುದಿಲ್ಲ. ಏನಾದರೂ ಅನುಮಾನ ಇದೆಯಾ ಮೇಸ್ತ್ರಿ ಎಂದು ಅವಳು ಕೇಳಿದಾಗ ಅವನ ಬಾಯಿಂದ ಬಂದದ್ದು ನೂರ ನಲವತ್ತೆರಡು ಎಂದು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ರಬ್ಬರು ತೆಗೆದುಕೊಂಡು ತಾನೇ ತುಂಬಿದ ಕಾಲನ್ನು ತಾನೇ ಅಳಿಸಬೇಕಾಯಿತು. ಅಷ್ಟರಲ್ಲಿ ಬೆಂಚುಗಳಿಗೆ ಜನ ಬಂದು ಕೂತಿದ್ದರು. ಎತ್ತರದ ಆಳು, ಎಲ್ಲರೂ ಲಂಬು ಎನ್ನುವವನು, "ಮೇಸ್ತ್ರಿಗೆ ಮೂರೇ ಕಾಲು ಉಳೀತು ನೋಡ್ರೋ, ಕುರ್ಚಿ ಅಲ್ಲಾಡುತ್ತೆ" ಎಂದ. ಮೇಸ್ತ್ರಿ ಕಾಗದದ ಮೇಲೆ ಉಳಿದ ರಬ್ಬರಿನ ಪುಡಿಯನ್ನು ಊದಿದ. ಅಲ್ಲಿ ಒಂದು ಬೂದು ಕಲೆ ಉಳಿದೇ ಇತ್ತು.

ಒಂದು ಸಹಿ ತಾನೇ ಎಂದು ಅವನು ಬೆಂಚಿಗೆ ಬಂದು ಕೂತ. ಮೇಡಂ ಪಕ್ಕದಲ್ಲಿ ನಿಂತು ಗಡಿಯಾರ ಒತ್ತಿದಳು. ಯಾರಾದರೂ ನೋಡುತ್ತಿದ್ದರೆ ಅವನ ಕೈ ಇನ್ನೂ ಚೆನ್ನಾಗಿ ಓಡುತ್ತಿತ್ತು. ಬಾಗಿದ ಸೂಜಿ ತಾಮ್ರದ ಕೆಳಗೆ ಹೋಗಿ ಮೇಲೆ ಬಂತು, ದಾರ ಕುಣಿಕೆಯಾಯಿತು, ಬಿಗಿಯಿತು, ಹೆಬ್ಬೆರಳು ನೋವನ್ನು ನುಂಗಿಕೊಂಡು ಒತ್ತಿಹಿಡಿಯಿತು. ಪ್ರತಿ ಮೂರನೆಯ ಗಂಟಿಗೆ ಒಂದು ಹೆಚ್ಚಿನ ಸುತ್ತು. ಈ ವಿಭಾಗದಲ್ಲಿ ಎಲ್ಲರೂ ಹಾಕುವ ಸುತ್ತು.

"ಇದ್ಯಾಕೆ?" ಎಂದಳು ಮೇಡಂ.

"ಯಾವ್ದು?"

"ಈ ಹೆಚ್ಚಿನ ಸುತ್ತು."

"ಗಟ್ಟಿಗೆ. ನಮ್ಮ ವಿಭಾಗದ ಪದ್ಧತಿ ಅದು" ಎಂದ ಮೇಸ್ತ್ರಿ. ದನಿಯಲ್ಲಿ ಗತ್ತು ತಾನಾಗಿಯೇ ಬಂತು. ಅವಳು ಗತ್ತಿಗೆ ಹೆದರುವವಳಲ್ಲ. ಒಂದು ಗಂಟು ಆ ಸುತ್ತಿಲ್ಲದೆ ಹಾಕಿ ಎಂದಳು. ಹಾಕಿದ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎರಡನ್ನೂ ಎಳೆದು ನೋಡಿದಳು. ಎರಡೂ ಅಷ್ಟೇ ಗಟ್ಟಿ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. "ಒಂದು ಮೋಟಾರಿಗೆ ಮೂರು ನಿಮಿಷ ಹೋಗ್ತಿದೆ ಮೇಸ್ತ್ರಿ" ಎಂದು ಬರೆದುಕೊಂಡು ಮುಂದಿನ ಬೆಂಚಿಗೆ ಹೋದಳು. ಅವಳು ಒರಟಾಗಿ ಹೇಳಲಿಲ್ಲ, ಅದೇ ಇನ್ನೂ ಹೆಚ್ಚು ಚುಚ್ಚಿತು. ಸೂಜಿ ಹಿಡಿದುಕೊಂಡೇ ಕೂತವನಿಗೆ ಮೂವತ್ತು ವರ್ಷದ ಹಿಂದಿನ ಒಂದು ಕೈ ಕಣ್ಣಿಗೆ ಬಂತು. ಅವನಿಗೆ ಕೆಲಸ ತೋರಿಸಿದ ಮುದುಕನ ಕೈ. ತೋರುಬೆರಳು ಮೇಲಿನ ಗೆಣ್ಣಿಗೇ ತುಂಡಾಗಿ ಮೋಟಾಗಿತ್ತು. ಅಷ್ಟು ಗಿಡ್ಡ ಬೆರಳಿಗೆ ಬಿಗಿದ ದಾರವನ್ನು ಒತ್ತಿಹಿಡಿಯಲು ಆಗುತ್ತಿರಲಿಲ್ಲ, ಅದಕ್ಕೇ ಜಾರದಿರಲೆಂದು ಇನ್ನೊಂದು ಸುತ್ತು ಹಾಕುತ್ತಿದ್ದ. ಮುದುಕ ಬಾಯಿಬಿಟ್ಟು ಏನನ್ನೂ ಕಲಿಸಿದವನಲ್ಲ, ನೋಡು ಎನ್ನುತ್ತಿದ್ದ, ಅಷ್ಟೇ. ಇವನು ನೋಡಿದ. ಇದ್ದ ಬೆರಳೂ ಇಲ್ಲದ ಬೆರಳೂ ಎರಡೂ ಸೇರಿಯೇ ಕಲಿತುಬಿಟ್ಟಿದ್ದ. ಹತ್ತು ಬೆರಳೂ ನೆಟ್ಟಗಿದ್ದವನು ಮೂವತ್ತು ವರ್ಷ ಒಬ್ಬ ಮೋಟುಬೆರಳಿನವನ ಕಷ್ಟವನ್ನು ಕಟ್ಟುತ್ತ ಬಂದು ಅದನ್ನು ಪದ್ಧತಿ ಎಂದು ಕರೆದಿದ್ದ. ನಗು ಬರಬೇಕಿತ್ತು. ನಾಚಿಕೆಯಾಯಿತು.

ಊಟದ ಹೊತ್ತಿಗೆ ಲಂಬುವಿನ ಪಕ್ಕ ಡಬ್ಬಿ ಬಿಚ್ಚಿ ಕೂತ. ಕೇಳುವುದೇನಿದೆ, ಹೇಳಿದರೆ ಹಾಕುತ್ತಾನೆ ಎಂದುಕೊಂಡಿದ್ದರೂ ಮಾತು ತೆಗೆಯಲು ನಾಲ್ಕು ತುತ್ತು ಬೇಕಾಯಿತು.

"ಆ ಸಹಿ ಒಂದು ಹಾಕಿಬಿಡಯ್ಯಾ ಮಧ್ಯಾಹ್ನ."

ಲಂಬು ಅಗಿಯುವುದನ್ನು ನಿಲ್ಲಿಸಿದ. ಎದುರಿಗಿದ್ದ ದಪ್ಪ ಕನ್ನಡಕದವನ ಮುಖ ನೋಡಿದ. ಇಬ್ಬರೂ ದಾರ ಕಟ್ಟುವುದರಲ್ಲಿ ವಿಭಾಗಕ್ಕೇ ಎತ್ತಿದ ಕೈ, ನಿನ್ನೆ ಇಬ್ಬರಿಗೂ ಮುಕ್ಕಾಲು ಸೊನ್ನೆಯನ್ನು ಮೇಸ್ತ್ರಿಯೇ ಹೆಮ್ಮೆಯಿಂದ ತುಂಬಿದ್ದ.

"ತಪ್ಪು ತಿಳ್ಕೋಬೇಡಿ ಮೇಸ್ತ್ರಿ," ಎಂದ ಲಂಬು. "ನಿಮ್ಮ ಹತ್ರ ಕಲಿತಿದ್ದು ಅಂತ ಹೆಂಗ್ ಹೇಳ್ಲಿ? ನೀವು ಒಂದ್ಸಲ ತೋರಿಸ್ತಿದ್ರಿ, ಬರಲಿಲ್ಲ ಅಂದ್ರೆ ಕಿತ್ಕೊಂಡು ನೀವೇ ಕಟ್ಟಿಬಿಡ್ತಿದ್ರಿ. ನಾವಿಬ್ರೂ ಕಲಿತಿದ್ದು ಪ್ಯಾಕಿಂಗ್‌ನಲ್ಲಿ."

"ಪ್ಯಾಕಿಂಗ್‌ನಲ್ಲಿ?"

"ಎಡಚಕ್ಕನ ಹತ್ರ," ಎಂದ ಕನ್ನಡಕದವನು. "ಊಟ ಆದ್ಮೇಲೆ ದಿನಾ ಇಪ್ಪತ್ತು ನಿಮಿಷ. ರಟ್ಟಿನ ಕೊಳವೆಗೆ ಪೆಟ್ಟಿಗೆ ಕಟ್ಟೋ ದಾರ ಹಾಕಿ ಕಲಿಸಿದ್ಲು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ."

ಗೊತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ, ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದ. ಹನ್ನೊಂದು ವರ್ಷದ ಹಿಂದೆ ಅವಳನ್ನು ಮೂರು ದಿನದ ಪರೀಕ್ಷೆಗೆಂದು ಅವನ ಬೆಂಚಿಗೆ ಕಳಿಸಿದ್ದರು. ಸಣ್ಣ ದೇಹ, ಮಾತು ಕಡಿಮೆ, ಸೂಜಿಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈಗೆ ತಗೋ ಎಂದ. ತೆಗೆದುಕೊಂಡಳು, ದಾರ ಜಾರಿತು. ಸೂಜಿ ಮತ್ತೆ ಎಡಗೈಗೆ ಹೋಯಿತು. ಮೂರನೆಯ ದಿನ ಮಧ್ಯಾಹ್ನ ವಿಭಾಗದವರೆಲ್ಲರ ಮುಂದೆ ಸೂಜಿಯನ್ನು ಅವಳ ಕೈಯಿಂದ ಕಿತ್ತುಕೊಂಡು, "ನಿಂಗಿದು ಬರಲ್ಲ, ಹೋಗು" ಎಂದಿದ್ದ. ಬೈದಿರಲಿಲ್ಲ, ಕೂಗಿರಲಿಲ್ಲ, ಸಂಜೆಯ ಹೊತ್ತಿಗೆ ಮರೆತೂ ಹೋಗಿತ್ತು. ಬರುತ್ತೆ, ಬರಲ್ಲ, ಇವೆರಡೇ ಮಾತಿನಲ್ಲಿ ಮನುಷ್ಯರನ್ನು ಎರಡು ಪೆಟ್ಟಿಗೆಗೆ ಹಾಕುವುದು ಅವನಿಗೆ ಅಷ್ಟು ಸಲೀಸಾಗಿತ್ತು. ಮಗಳಿಗೂ ಹೀಗೇ ಅಂದಿದ್ದ, ಸೈಕಲ್ಲಿನಿಂದ ಎರಡು ಸಲ ಬಿದ್ದಾಗ, ಸಾಕು ಬಾ ನಿಂಗೆ ಬರಲ್ಲ ಎಂದು ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ತಂದಿದ್ದ. ತಿಂಗಳು ಕಳೆದು ಅವಳು ಬೀದಿಯ ತುದಿಯಿಂದ ಗಂಟೆ ಹೊಡೆದುಕೊಂಡು ಸೈಕಲ್ಲು ಬಿಡುತ್ತ ಬಂದಾಗ ಹಿಂದೆ ಏದುಸಿರು ಬಿಡುತ್ತ ಓಡಿಬರುತ್ತಿದ್ದವಳು ಹೆಂಡತಿ, ಸೈಕಲ್ಲು ತುಳಿಯಲು ಬಾರದ ಹೆಂಡತಿ. ಅವತ್ತು ಅವನು ಮಗಳು ನನ್ನ ಹಾಗೆ ಗಟ್ಟಿಗಿತ್ತಿ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ್ದ.

ಹಾಗಿದ್ದರೂ ಎದ್ದು ಪ್ಯಾಕಿಂಗಿನ ಕಡೆ ನಡೆದ. ಪಶ್ಚಾತ್ತಾಪದಿಂದ ಅಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು, ಜೇಬಿನಲ್ಲಿ ಪೆನ್ಸಿಲು ಇತ್ತು. ಅವರಿಬ್ಬರು ಅವಳ ಹತ್ತಿರ ಕಲಿತಿದ್ದರೆ ಅವಳು ಯಾರ ಹತ್ತಿರ ಕಲಿತಳು, ಮೂರು ದಿನ ನನ್ನ ಬೆಂಚಿನಲ್ಲಿ ಕೂತವಳು ತಾನೇ, ಸಹಿ ಅವಳೇ ಹಾಕಲಿ. ಹೀಗೆ ಲೆಕ್ಕ ಹಾಕುತ್ತ, ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿ, ಮತ್ತೆ ಮುಂದೆ ನಡೆದ. ಎರಡು ವಿಭಾಗಗಳ ನಡುವೆ ತಂತಿಯ ಜಾಲರಿ ಮಾತ್ರ ಇತ್ತು. ಜಾಲರಿಯ ಆಚೆ ಅವಳ ಮೇಜು, ಈಚೆ, ನೇರ ಎದುರಿಗೆ, ಅವನ ಬೆಂಚು. ಹನ್ನೊಂದು ವರ್ಷ ಅವನು ಆ ಕಡೆ ನೋಡಿಯೇ ಇರಲಿಲ್ಲ. ಬಾಗಿಲು ದಾಟಿದವನು ನಿಂತುಬಿಟ್ಟ. ಲಾರಿಗೆ ಏರಿಸಲು ಪೆಟ್ಟಿಗೆಗಳನ್ನು ಚಾವಣಿಯವರೆಗೆ ಜೋಡಿಸಿದ್ದರು, ಇನ್ನೂರೋ ಮುನ್ನೂರೋ ಇರಬಹುದು. ಒಂದೊಂದರ ಮೇಲೂ ಅಡ್ಡಡ್ಡ ಕಟ್ಟಿದ ದಾರ. ಪ್ರತಿ ಮೂರನೆಯ ಗಂಟಿನಲ್ಲಿ ಒಂದು ಹೆಚ್ಚಿನ ಸುತ್ತು. ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದ, ತನ್ನದೇ. ಮುದುಕನ ಮೋಟುಬೆರಳು ಇಲ್ಲಿಯವರೆಗೂ ನಡೆದುಬಂದಿತ್ತು, ಇಲ್ಲಿಂದ ಲಾರಿ ಹತ್ತಿ ಅವನು ಕಾಣದ ಊರುಗಳಿಗೆಲ್ಲ ಹೋಗುತ್ತಿತ್ತು. ಬೆಳಗ್ಗೆ ನಾಚಿಕೆ ತಂದ ಅದೇ ಸುತ್ತನ್ನು ನೋಡಿ ಈಗ ಎದೆ ಉಬ್ಬಿತು. ಹೌದು, ಉಬ್ಬಿತು, ಅವನು ಅದನ್ನು ತಡೆಯಲೂ ಇಲ್ಲ.

ಎಡಚಿ ಎಂದು ಎಲ್ಲರೂ ಕರೆಯುವ ಅವಳು ಮೇಜಿನ ಹಿಂದಿನಿಂದ ನೋಡುತ್ತಿದ್ದಳು. ಕೂದಲು ಅರ್ಧ ನರೆತಿತ್ತು.

"ಬನ್ನಿ ಮೇಸ್ತ್ರಿ. ಸಹಿಗೆ ಬಂದ್ರಾ?"

ಲಂಬುವಿನ ಬಾಯಿ ಅವನ ಕಾಲಿಗಿಂತ ಉದ್ದ ಎಂದು ಮೇಸ್ತ್ರಿಗೆ ಗೊತ್ತಿರಬೇಕಿತ್ತು. "ಇಲ್ಲ, ಹಂಗೇ ಈ ಕಡೆ" ಎಂದ, ಆಮೇಲೆ, "ಹೌದು" ಎಂದ.

"ನಾನು ಹಾಕಲ್ಲ." ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು, ಕೋಪವಿರಲಿಲ್ಲ. "ನೀವು ಕಲಿಸಿಲ್ಲ. ನಾನು ಕಲಿತೆ. ಅದು ಬೇರೆ, ಇದು ಬೇರೆ."

"ಮೂರು ದಿನ ನನ್ನ ಪಕ್ಕ ಕೂತಿದ್ದೆ."

"ಮೂರು ದಿನದಲ್ಲಿ ಬರಲ್ಲ ಅಂತ ಕಲಿತೆ. ಬರೋದನ್ನ ಇಲ್ಲಿ ಕೂತು ಕಲಿತೆ, ಆ ಜಾಲರಿ ಈಚೆಯಿಂದ ನಿಮ್ಮ ಕೈ ನೋಡ್ಕೊಂಡು. ಕನ್ನಡಿಯಲ್ಲಿ ನೋಡ್ದಂಗೆ, ನಿಮ್ಮ ಬಲ ನನಗೆ ಎಡ. ಎದುರಿಗೆ ಕೂತ್ರೆ ಸಲೀಸು ಮೇಸ್ತ್ರಿ. ಅವತ್ತು ನನ್ನನ್ನ ನಿಮ್ಮ ಪಕ್ಕದ ಬದಲು ಎದುರಿಗೆ ಕೂರಿಸಿದ್ದಿದ್ರೆ ಒಂದೇ ದಿನದಲ್ಲಿ ಬರ್ತಿತ್ತು."

ಇಷ್ಟು ಸಣ್ಣ ವಿಷಯ. ಸ್ಟೂಲನ್ನು ಎರಡು ಮೊಳ ಆಚೆ ಹಾಕುವ ವಿಷಯ. ಮೇಸ್ತ್ರಿಗೆ ಹೊಸ ಅಂಗಿಯೊಳಗೆ ಬೆವರು ಇಳಿಯಿತು. ಏನಾದರೂ ಹೇಳಬೇಕೆಂದು ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಈ ಹೆಚ್ಚಿನ ಸುತ್ತು. ಅದು ಬೇಕಾಗಿಲ್ಲವಂತೆ. ಮೇಡಂ ಎಳೆದು ನೋಡಿದ್ರು."

"ನಂಗೆ ಎರಡನೇ ವರ್ಷಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಹಾಕ್ತೀಯ?"

ಅವಳು ಹತ್ತಿರದ ಪೆಟ್ಟಿಗೆಯ ಗಂಟಿನ ಮೇಲೆ ಬೆರಳಾಡಿಸಿದಳು. "ಕೆಲಸ ಬರುತ್ತೆ ಬರುತ್ತೆ ಅಂತೀವಲ್ಲ. ಎಲ್ಲಿಂದ ಬಂತು ಅಂತ ಒಂದು ಗುರುತು ಬೇಡ್ವಾ?"

ಸಹಿ ಹಾಕುವುದಿಲ್ಲ ಎಂದವಳು ದಿನಕ್ಕೆ ನೂರು ಪೆಟ್ಟಿಗೆಯ ಮೇಲೆ ಹನ್ನೊಂದು ವರ್ಷದಿಂದ ಸಹಿ ಹಾಕುತ್ತಲೇ ಇದ್ದಳು. ಮೇಸ್ತ್ರಿ ಕಣ್ಣಿಗೆ ಏನೋ ಬಿದ್ದವನಂತೆ ತಿರುಗಿ ನಿಂತು ರೆಪ್ಪೆ ಉಜ್ಜಿಕೊಂಡ. ಆಮೇಲೆ ಬೇಗಬೇಗ ತನ್ನ ವಿಭಾಗಕ್ಕೆ ವಾಪಸು ಬಂದ. ಗೋಡೆಗೆ ಚುಚ್ಚಿದ್ದ ನಾಲ್ಕು ಪಿನ್ನು ಕಿತ್ತು, ಹಾಳೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡ. ಮೇಡಂ, "ಅಯ್ಯೋ, ಎಲ್ಲಿಗೆ ಮೇಸ್ತ್ರಿ?" ಎಂದು ಹಿಂದೆ ಬಂದಳು. ಲಂಬುವನ್ನೂ ಕನ್ನಡಕದವನನ್ನೂ ಬನ್ರೋ ಎಂದು ಕರೆದ. ತಮಾಷೆ ನೋಡಲು ಮಿಕ್ಕವರೂ ಎದ್ದು ಬಂದರು. ಪ್ಯಾಕಿಂಗಿನ ಮೇಜಿನ ಮೇಲೆ ಹಾಳೆ ಹಾಸಿ, ಹದಿನಾಲ್ಕು ಸಾಲಿನ ಕೆಳಗೆ ಸ್ಕೇಲಿಟ್ಟು ಹದಿನೈದನೆಯ ಸಾಲು ಎಳೆದ, ಅವಳ ಹೆಸರು ಬರೆದ, ದಾರ ಕಟ್ಟುವ ಸೊನ್ನೆಯಲ್ಲಿ ಮೂರು ಕಾಲನ್ನು ಒತ್ತಿ ಕಪ್ಪು ಮಾಡಿದ. ಇವಳು ಪ್ಯಾಕಿಂಗಿನವಳಲ್ಲವೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಮೇಸ್ತ್ರಿ ತಲೆಯೆತ್ತಿದ. ಹನ್ನೊಂದು ವರ್ಷದ ಹಿಂದೆ ಇದ್ದ ಅದೇ ಜನ ಇದ್ದರು, ಮೂರ್ನಾಲ್ಕು ಜನ ಮಾತ್ರ ಹೊಸಬರು. ಅಷ್ಟು ಜನರ ಮುಂದೆ ಅಂದದ್ದನ್ನು ಅಷ್ಟೇ ಜನರ ಮುಂದೆ ತಿದ್ದಬೇಕು ಎನ್ನಿಸಿತು.

"ನಿಮಗಿದು ಬರುತ್ತೆ," ಎಂದ ಅವಳ ಕಡೆ ನೋಡಿ. "ಅವತ್ತೂ ಬರ್ತಿತ್ತು. ನನಗೇ ನೋಡೋಕೆ ಬರಲಿಲ್ಲ."

"ಇದೇನು ಹೊಸದು, ನೀವು ಗೀವು ಅಂತ?" ಎಂದಳು ಅವಳು. ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಲಂಬು ಏನೂ ತಮಾಷೆ ಮಾಡದೆ ಬಗ್ಗಿ ನಾಲ್ಕನೆಯ ಕಾಲನ್ನು ತುಂಬಿ ಕೆಳಗೆ ಸಹಿ ಹಾಕಿದ, ಅದರ ಕೆಳಗೆ ಕನ್ನಡಕದವನು. ಮೇಡಂ ಎರಡೂ ಸಹಿಯನ್ನು ನೋಡಿ, ಮೇಸ್ತ್ರಿಯ ಸಾಲಿನ ಬೂದು ಕಲೆಯನ್ನೂ ನೋಡಿ, "ನಿಮ್ಮದು?" ಎಂದು ಮೆಲ್ಲಗೆ ಕೇಳಿದಳು. "ಮುಕ್ಕಾಲು," ಎಂದ ಮೇಸ್ತ್ರಿ, ಗಟ್ಟಿಯಾಗಿಯೇ. ಕುರ್ಚಿ ಕೈತಪ್ಪಿತು, ಸ್ಟೋರಿನ ಬೋಲ್ಟುಗಳು ಕಣ್ಣ ಮುಂದೆ ಬಂದವು, ಭಾವಮೈದನ ನಗುವೂ ಕೇಳಿಸಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ತನ್ನ ಸಾಲಿನ ಕಡೆಗೆ ಅವನ ಕಣ್ಣು ಹೋಗುತ್ತಿರಲಿಲ್ಲ, ಹದಿನೈದನೆಯ ಸಾಲನ್ನೇ ನೋಡುತ್ತಿತ್ತು. ತುಂಬಿದ ಸೊನ್ನೆ ಬೆಳಗ್ಗೆ ತನ್ನ ಸಾಲಿನಲ್ಲಿ ಕಂಡದ್ದಕ್ಕಿಂತ ಅಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆಗ ಮೇಡಂ ಒಂದು ಮಾತು ಕೇಳಿದಳು. ಹೊಸದಾಗಿ ಬರಲಿದ್ದ ದೊಡ್ಡ ಮೋಟಾರಿನದು. ಬಲಗೈಯವರು ಅರ್ಧ ಬಳೆಗೆ ದಾರ ಕಟ್ಟಿದ ಮೇಲೆ ಮೋಟಾರನ್ನು ತಿರುಗಿಸಿಟ್ಟುಕೊಂಡು ಉಳಿದರ್ಧ ಕಟ್ಟಬೇಕು, ದೊಡ್ಡದನ್ನು ತಿರುಗಿಸಲು ಇಬ್ಬರು ಬೇಕು, ಇಬ್ಬರು ಎತ್ತಿದರೂ ಸೊಂಟ ಹಿಡಿದುಕೊಳ್ಳುತ್ತದೆ, ಇದಕ್ಕೇನು ಮಾಡೋದು ಎಂದು. ಎಡಚಿ ರಟ್ಟಿನ ಕೊಳವೆಯನ್ನು ಮುಂದಕ್ಕೆಳೆದುಕೊಂಡಳು. ಅರ್ಧ ಬಳಸು ಬಲಗೈಯಲ್ಲಿ ಕಟ್ಟಿದಳು, ಕೊಳವೆಯನ್ನು ಅಲ್ಲಾಡಿಸದೆ ಸೂಜಿಯನ್ನು ಎಡಗೈಗೆ ದಾಟಿಸಿ ಉಳಿದರ್ಧ ಕಟ್ಟಿದಳು. ಬಲಗೈಯೂ ಅವಳಿಗೆ ಎಂದೋ ಬಂದಿತ್ತು. ಮೇಡಂ ಗಡಿಯಾರ ಒತ್ತುವುದನ್ನೇ ಮರೆತಳು. ಆಮೇಲೆ ಸ್ಕೇಲು ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ಏಳನೆಯ ಕಾಲಂ ಎಳೆದು, ಎಡಗೈ ಗಂಟು ಎಂದು ಬರೆದು, ಎಲ್ಲರ ಎದುರಿಗೂ ಒಂದೊಂದು ಖಾಲಿ ಸೊನ್ನೆ ಹಾಕಿದಳು. ಮೇಸ್ತ್ರಿಗೂ ಒಂದು ಹಾಕಿದಳು.

ನಾಲ್ಕಕ್ಕೆ ತರಬೇತಿ ಕೋಣೆಯ ಬಾಗಿಲು ತೆಗೆದರು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಲು ಅವಳು ನಾಚಿ, ಅದರ ಬೆನ್ನು ಹಿಡಿದುಕೊಂಡು ನಿಂತಳು. ಮೇಸ್ತ್ರಿ ಒಂದು ಸ್ಟೂಲನ್ನು ಎತ್ತಿ ಕುರ್ಚಿಯ ಎದುರಿಗೆ ಹಾಕಿಕೊಂಡ, ಪಕ್ಕಕ್ಕಲ್ಲ, ನೇರ ಎದುರಿಗೆ, ಕೂತ. ಹೆಬ್ಬೆರಳು ನೋಯುವ ಬಲಗೈಯನ್ನು ತೊಡೆಯ ಮೇಲಿಟ್ಟು ಸೂಜಿಯನ್ನು ಎಡಗೈಗೆ ತೆಗೆದುಕೊಂಡ. ಐವತ್ತನಾಲ್ಕು ವರ್ಷ ಸುಮ್ಮನೆ ಕೂತು ತಿಂದ ಕೈ, ಮೊದಲನೆಯ ಕುಣಿಕೆಗೇ ದಾರ ಬಿಟ್ಟುಬಿಟ್ಟಿತು. ಎರಡನೆಯದಕ್ಕೆ ಸೂಜಿಯೇ ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಲಂಬು ಕಿಸಕ್ಕೆಂದ. ಮೇಸ್ತ್ರಿ ಬಗ್ಗಿ ಸೂಜಿ ಹುಡುಕುತ್ತ, ಮುಖ ಮೇಲೆತ್ತದೆ, "ನಂಗಿದು ಬರಲ್ಲ ಬಿಡಮ್ಮಾ" ಎಂದ.

ಅವಳು ಕುರ್ಚಿಯಲ್ಲಿ ಕೂತಳು. ಸೂಜಿಯನ್ನು ಅವನಿಗಿಂತ ಮೊದಲು ಅವಳೇ ಎತ್ತಿಕೊಂಡು, ಕಿತ್ತುಕೊಳ್ಳದೆ, ತಾನೇ ಕಟ್ಟಿಬಿಡದೆ, ಅವನ ಎಡಗೈಯ ಬೆರಳುಗಳ ನಡುವೆ ಮತ್ತೆ ಇಟ್ಟಳು.

"ಬರುತ್ತೆ ಮೇಸ್ತ್ರಿ," ಎಂದಳು. "ಬಿಚ್ಚಿ. ಇನ್ನೊಂದ್ಸಲ."

ಅವನು ಬಿಚ್ಚಿದ.